ಮೀನಿನ ಉಸಿರು ಮತ್ತು ನದಿಯ ಸ್ಥಿತಿ: ಹೈದರಾಬಾದಿನ ಡಾ. ಬಿ. ಕೆ. ದಾಸ್ ಅವರ ಸಂಶೋಧನೆ

ಮೀನು ನೀರಿನಲ್ಲಿ ಮುಳುಗಿ ಸಾಯುವುದುಂಟೆ ಎಂದು ಯಾರಾದರೂ ಕೇಳಿದರೆ ಅದು ವಿನೋದದ ಮಾತೆಂದೇ ತೋರುತ್ತದೆ. ಆದರೆ ನಮ್ಮ ಕೆರೆಕುಂಟೆಗಳಲ್ಲಿ ವಾಸಿಸುವ ಕೊರವ ಜಾತಿಯ ಮೀನುಗಳ ವಿಷಯದಲ್ಲಿ ಈ ಪ್ರಶ್ನೆಗೆ ಹೌದೆಂದು ಉತ್ತರಿಸಬೇಕಾಗುತ್ತದೆ. ಬೆಳೆದ ಕೊರವವನ್ನು ಶುದ್ಧವಾದ ನೀರಿನ ತೊಟ್ಟಿಯಲ್ಲಿ ಬಿಟ್ಟು, ಅದು ಮೇಲಕ್ಕೆ ಬಾರದಂತೆ ನೀರಿನ ಮಟ್ಟದಿಂದ ಸ್ವಲ್ಪ ಕೆಳಗೆ ಬಲೆಯನ್ನು ಬಿಗಿದರೆ ಆ ಮೀನು ಉಸಿರುಗಟ್ಟಿ ಸಾಯುತ್ತದೆ. ಆ ನೀರಿನಲ್ಲಿಯೇ ಇರುವ ಗೆಂಡೆ ಮೀನಿಗೆ ಮಾತ್ರ ಏನೂ ಆಗುವುದಿಲ್ಲ. ಕೊರವಕ್ಕೆ ಕಿವಿರುಗಳಿದ್ದರೂ ಅವುಗಳಿಂದ ದೊರೆಯುವ ಆಮ್ಲಜನಕ ಅದರ ದೇಹಕ್ಕೆ ಸಾಲದು. ಆಗಾಗ ಮೇಲಕ್ಕೆ ಬಂದು ಗಾಳಿಯನ್ನು ನುಂಗಿದರೆ ಮಾತ್ರ ಅದು ಬದುಕುತ್ತದೆ. ಭಾರತದ ಮೀನುಗಳನ್ನು ಕುರಿತ ಬೃಹತ್ ಗ್ರಂಥವನ್ನು 1875ರಿಂದ 1878ರವರೆಗೆ ಪ್ರಕಟಿಸಿದ ಸೇನಾ ವೈದ್ಯ ಫ್ರಾನ್ಸಿಸ್ ಡೇ ಈ ಸಂಗತಿಯನ್ನು ಗಮನಿಸಿದ್ದರು. ಅದು ಏಕೆ ಹೀಗೆ, ಈ ಸಾಮರ್ಥ್ಯ ಮೀನಿನ ಜೀವಿತದಲ್ಲಿ ಯಾವಾಗ ಮತ್ತು ಹೇಗೆ ಮೈಗೂಡುತ್ತದೆ ಎಂಬ ಪ್ರಶ್ನೆಗಳನ್ನು ತಮ್ಮ ಸಂಶೋಧನಾ ಜೀವನದ ಮುಖ್ಯ ವಿಷಯವನ್ನಾಗಿ ಮಾಡಿಕೊಂಡವರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಬಿ. ಕೆ. ದಾಸ್ ಪ್ರಮುಖರು.

ಡಾ. ದಾಸ್ ಅವರ ಹೆಸರು ಇಂದು ತಜ್ಞರ ಲೇಖನಗಳ ಉಲ್ಲೇಖಗಳಲ್ಲಿ ಕಂಡುಬರುವಷ್ಟು ಸಾಮಾನ್ಯ ಓದುಗರ ಬಾಯಲ್ಲಿ ಕೇಳಿಬರುವುದಿಲ್ಲ. ಆದರೂ ಹೈದರಾಬಾದಿನ ಮೂಸಿ ನದಿಯಲ್ಲಿ ಕಳೆದ ಒಂದು ಶತಮಾನದಲ್ಲಿ ಆಗಿರುವ ಬದಲಾವಣೆಯನ್ನು ಅರ್ಥಮಾಡಿಕೊಳ್ಳಬೇಕಾದರೆ ಅವರ ಸಂಶೋಧನೆಯಿಂದ ಆರಂಭಿಸುವುದೇ ಸೂಕ್ತ.

ವಾಯುಶ್ವಾಸಿ ಮೀನುಗಳು

ಲಂಡನ್ ವಿಶ್ವವಿದ್ಯಾನಿಲಯದ ಡಿ.ಎಸ್‌ಸಿ. ಪದವೀಧರರಾದ ಡಾ. ದಾಸ್ ಅವರ ಮೊದಲ ಮಹತ್ವದ ಪ್ರಬಂಧ 1927ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ 'ಫಿಲಾಸಾಫಿಕಲ್ ಟ್ರಾನ್ಸಾಕ್ಷನ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಭಾರತದ ಕೆಲವು ವಾಯುಶ್ವಾಸಿ ಮೀನುಗಳ ಜೀವನಕ್ರಮ ಹಾಗೂ ಅವುಗಳ ವಾಯುಶ್ವಾಸಾಂಗಗಳ ಬೆಳವಣಿಗೆ ಅದರ ವಿಷಯ. ಸತ್ತ ಮೀನನ್ನು ಕೊಯ್ದು ಅದರ ಅಂಗಗಳನ್ನು ವರ್ಣಿಸುವುದು ಅಂದಿನ ಪ್ರಾಣಿಶಾಸ್ತ್ರದಲ್ಲಿ ವಾಡಿಕೆಯಾಗಿತ್ತು. ಅಂಗರಚನೆಯ ಜೊತೆಗೆ ಜೀವಂತ ಮೀನಿನ ನಡೆವಳಿಕೆಯನ್ನೂ ಅದು ವಾಸಿಸುವ ನೀರಿನ ಸ್ವಭಾವವನ್ನೂ ಒಟ್ಟಿಗೆ ಇಟ್ಟು ನೋಡಿದ್ದು ಈ ಪ್ರಬಂಧದ ಹೆಚ್ಚುಗಾರಿಕೆ. ಇಂದು ಪರಿಸರ ವಿಜ್ಞಾನವೆಂದು ಕರೆಯಲಾಗುವ ದೃಷ್ಟಿ ಅದರಲ್ಲಿ ಆಗಲೇ ಇದೆ.

ಈ ವಿಷಯದ ಮಹತ್ವವನ್ನು ತಿಳಿಯಲು ಗಾಳಿಗೂ ನೀರಿಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕವಿರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರಿನಲ್ಲಿ ಕರಗಿರಬಹುದಾದ ಆಮ್ಲಜನಕ ಸುಮಾರು 8 ಮಿಲಿಗ್ರಾಂ, ಎಂದರೆ 6 ಮಿಲಿಲೀಟರಿನಷ್ಟು ಮಾತ್ರ. ನೀರು ಬಿಸಿಯಾದಷ್ಟೂ ಈ ಪ್ರಮಾಣ ಕಡಿಮೆಯಾಗುತ್ತದೆ. ದಖ್ಖಣದ ಬೇಸಗೆಯಲ್ಲಿ ಕೆರೆಯ ನೀರು ಇಳಿದು ಕೆಸರಾಗಿ, ಎಲೆ ಸೊಪ್ಪು ಕೊಳೆಯುತ್ತಿರುವಾಗ ಆಮ್ಲಜನಕ ಇನ್ನೂ ಕುಗ್ಗಿ, ಕೆಲವು ಹೊತ್ತಿನಲ್ಲಿ ಇಲ್ಲವೆನ್ನುವಷ್ಟಾಗುತ್ತದೆ. ಇಂತಹ ನೀರಿನಲ್ಲಿ ಕಿವಿರನ್ನು ಮಾತ್ರ ನಂಬಿದ ಮೀನಿಗೆ ಉಳಿಗಾಲವಿಲ್ಲ.

ಈ ಕಷ್ಟಕ್ಕೆ ನಿಸರ್ಗ ಒಂದೇ ಪರಿಹಾರವನ್ನು ಕಂಡುಕೊಂಡಿಲ್ಲ. ಕೊರವದ ತಲೆಯಲ್ಲಿ ಕಿವಿರುಗಳ ಮೇಲ್ಭಾಗಕ್ಕೆ ರಕ್ತನಾಳಗಳಿಂದ ತುಂಬಿದ ಒಂದು ಕೋಣೆಯಿದ್ದು, ನುಂಗಿದ ಗಾಳಿ ಅಲ್ಲಿ ನಿಲ್ಲುತ್ತದೆ. ಮುರಗೋಡು ಮೀನಿನ ಅದೇ ಸ್ಥಾನದಲ್ಲಿ ಪುಟ್ಟ ಮರದ ರೆಂಬೆಗಳಂತೆ ಕವಲೊಡೆದ ಅಂಗವಿದೆ. ಚೇಳುಮೀನಿನಲ್ಲಿ ಗಾಳಿಯ ಚೀಲಗಳು ತಲೆಯಿಂದ ಹಿಂದಕ್ಕೆ, ಬೆನ್ನಿನ ಮಾಂಸಖಂಡಗಳ ನಡುವೆ ಉದ್ದಕ್ಕೂ ಚಾಚಿಕೊಂಡಿರುತ್ತವೆ. ಮರವೇರುವ ಮೀನೆಂದು ಹೆಸರಾದ ಅನಬಾಸ್‌ನಲ್ಲಿ ಮಡಿಕೆ ಮಡಿಕೆಯಾದ ಮೂಳೆಯ ಫಲಕಗಳಿಂದ ಕೂಡಿದ ಚಕ್ರವ್ಯೂಹದಂತಹ ರಚನೆಯಿದೆ. ಉತ್ತರ ಭಾರತದ ನದಿಗಳಲ್ಲಿ ಸಿಗುವ ಒಂದು ಬಗೆಯ ಲೋಚ್ ಮೀನು ಗಾಳಿಯನ್ನು ನುಂಗಿ ಕರುಳಿನಲ್ಲಿಯೇ ಆಮ್ಲಜನಕವನ್ನು ಹೀರಿಕೊಂಡು, ಉಳಿದದ್ದನ್ನು ಹಿಂಬದಿಯಿಂದ ಹೊರಬಿಡುತ್ತದೆ. ಈ ಲೋಚ್ ಮೀನಿನ ಜೀವನಕ್ರಮವನ್ನು ಕುರಿತು ಡಾ. ದಾಸ್ ಅವರು 1935ರಲ್ಲಿ ಲಿಸ್ಬನ್ ನಗರದಲ್ಲಿ ಸೇರಿದ 12ನೆಯ ಅಂತರರಾಷ್ಟ್ರೀಯ ಪ್ರಾಣಿಶಾಸ್ತ್ರ ಸಮ್ಮೇಳನಕ್ಕೆ ಪ್ರಬಂಧವನ್ನು ಸಲ್ಲಿಸಿದರು. ಅದಕ್ಕೆ ಒಂದು ವರ್ಷ ಮುಂಚೆ, ಎಂದರೆ 1934ರಲ್ಲಿ, ಅಳಿವೆಗಳ ಕೆಸರಿನಲ್ಲಿ ವಾಸಿಸುವ ಸ್ಯೂಡಪೊಕ್ರಿಪ್ಟಿಸ್ ಎಂಬ ಮೀನಿನ ಮೇಲಿನ ಅವರ ಅಧ್ಯಯನವನ್ನು ರಾಯಲ್ ಸೊಸೈಟಿ ಪ್ರಕಟಿಸಿತ್ತು. ಗಾಳಿಯಲ್ಲಿ ಉಸಿರಾಡಲು ದೇಹರಚನೆ ಬದಲಾಗತೊಡಗಿದ ಮೊದಲ ಹಂತದಲ್ಲಿರುವ ಮೀನು ಇದು ಎಂಬುದು ಅವರ ಅಭಿಪ್ರಾಯವಾಗಿತ್ತು.

ಈ ಅಂಗಗಳು ಹುಟ್ಟಿನಿಂದಲೇ ಬರುವುದಿಲ್ಲವೆಂಬುದು ಮುಖ್ಯವಾದ ಸಂಗತಿ. ಮೊಟ್ಟೆಯೊಡೆದು ಹೊರಬಂದ ಕೊರವದ ಮರಿ ಇತರ ಮೀನುಮರಿಗಳಂತೆ ನೀರಿನಿಂದಲೇ ಆಮ್ಲಜನಕವನ್ನು ಪಡೆಯುತ್ತದೆ. ಕೆಲವು ವಾರಗಳಲ್ಲಿ ತಲೆಯೊಳಗಿನ ಕೋಣೆ ರೂಪುಗೊಂಡ ಬಳಿಕ ಅದು ಮೇಲಕ್ಕೆ ಬಂದು ಗಾಳಿ ನುಂಗತೊಡಗುತ್ತದೆ. ಕೆರೆಯ ದಂಡೆಯಲ್ಲಿ ಕೆಂಬಣ್ಣದ ಮರಿಗಳ ಹಿಂಡೊಂದು ನೀರಿನ ಮೇಲೆ ಕುದಿಯುವಂತೆ ಆಡುತ್ತಿರುವುದನ್ನೂ, ಅದರ ಅಡಿಯಲ್ಲಿ ತಾಯಿ ತಂದೆ ಮೀನುಗಳು ಕಾವಲಿರುವುದನ್ನೂ ಹಳ್ಳಿಯವರು ಬಲ್ಲರು. ಮೀನಿನ ಬಾಳಿನಲ್ಲಿ ಅತ್ಯಂತ ಅಪಾಯದ ಕಾಲ ಇದು. ದೊಡ್ಡ ಕೊರವ ಸಹಿಸಿಕೊಳ್ಳುವ ನೀರನ್ನು ಅದರ ಎಳೆಯ ಮರಿ ಸಹಿಸಲಾರದು. ಈ ಅಂಶ ಮುಂದೆ ಮತ್ತೆ ಪ್ರಸ್ತುತವಾಗುತ್ತದೆ.

1940ರಲ್ಲಿ ಮದರಾಸಿನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ 27ನೆಯ ಅಧಿವೇಶನದಲ್ಲಿ ಡಾ. ದಾಸ್ ಅವರು ಪ್ರಾಣಿಶಾಸ್ತ್ರ ವಿಭಾಗದ ಅಧ್ಯಕ್ಷರಾಗಿದ್ದರು. ವಾಯುಶ್ವಾಸಿ ಮೀನುಗಳ ವಿಕಾಸ ಮತ್ತು ಹೊಂದಾಣಿಕೆಯ ಸ್ವರೂಪ ಹಾಗೂ ಕಾರಣಗಳನ್ನು ಕುರಿತ ಅವರ ಅಧ್ಯಕ್ಷ ಭಾಷಣ ಅಚ್ಚಿನಲ್ಲಿ ನಲವತ್ತಕ್ಕೂ ಹೆಚ್ಚು ಪುಟಗಳಷ್ಟಿದೆ. ಅಲ್ಲಿಯವರೆಗೆ ತಿಳಿದಿದ್ದುದೆಲ್ಲವನ್ನೂ ಒಂದೆಡೆ ತಂದ ಈ ಭಾಷಣವನ್ನು ಮುಂದಿನ ತಲೆಮಾರಿನ ಸಂಶೋಧಕರು ಆಧಾರವಾಗಿ ಬಳಸುತ್ತ ಬಂದರು.

ಉಸ್ಮಾನಿಯಾದ ವಾತಾವರಣ

ಡಾ. ದಾಸ್ ಅವರು ಸೇವೆ ಸಲ್ಲಿಸಿದ ವಿಶ್ವವಿದ್ಯಾನಿಲಯ ಆ ಕಾಲಕ್ಕೆ ಒಂದು ಅಪೂರ್ವ ಪ್ರಯೋಗವಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾದಲ್ಲಿ ವಿಜ್ಞಾನವೂ ಸೇರಿದಂತೆ ಉನ್ನತ ಶಿಕ್ಷಣದ ಮಾಧ್ಯಮ ಉರ್ದು ಆಗಿತ್ತು. ಪಠ್ಯಗ್ರಂಥಗಳಿಗಾಗಿ 1917ರಲ್ಲಿಯೇ 'ದಾರುಲ್ ತರ್ಜುಮಾ' ಎಂಬ ಅನುವಾದ ಕಾರ್ಯಾಲಯವನ್ನು ತೆರೆಯಲಾಗಿತ್ತು. ಕನ್ನಡದಲ್ಲಿ ಆಮ್ಲಜನಕ, ಜಲಜನಕ ಮೊದಲಾದ ಮಾತುಗಳು ನೆಲೆಗೊಳ್ಳಲು ಎಷ್ಟು ಕಾಲ, ಎಷ್ಟು ಚರ್ಚೆ ಬೇಕಾಯಿತೆಂಬುದನ್ನು ಬಲ್ಲವರಿಗೆ ಆ ಕಾರ್ಯಾಲಯದವರ ಶ್ರಮವನ್ನು ಊಹಿಸುವುದು ಕಷ್ಟವಾಗದು. ರಾಯಚೂರು, ಗುಲ್ಬರ್ಗ, ಬೀದರ್ ಜಿಲ್ಲೆಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದಿನೊಡನೆಯೇ ಇದ್ದುದರಿಂದ ಆ ಭಾಗದ ಕನ್ನಡಿಗರಿಗೂ ಉಸ್ಮಾನಿಯಾವೇ ತಮ್ಮ ನಾಡಿನ ವಿಶ್ವವಿದ್ಯಾನಿಲಯವಾಗಿತ್ತು.

ಇಲ್ಲಿ ನೆಲೆಗೊಂಡ ಮೀನುಗಳ ಅಧ್ಯಯನ ಒಬ್ಬ ಪ್ರಾಧ್ಯಾಪಕರಿಗೆ ಸೀಮಿತವಾಗಿರಲಿಲ್ಲ. ಮೀನುಗಳ ಜೀರ್ಣಾಂಗಗಳನ್ನು ಕುರಿತು ಸಂಶೋಧನೆ ನಡೆಸಿದ ಎಂ. ರಹೀಮುಲ್ಲಾ ಅವರು 1940ರ ದಶಕದಲ್ಲಿ ಹೈದರಾಬಾದ್ ಸಂಸ್ಥಾನದ ಮೀನುಗಳ ಸರ್ವೇಕ್ಷಣೆಯನ್ನು ಕೈಗೊಂಡು, ಅದನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟಿಸಿದರು. ಮೇದಕ್ ಜಿಲ್ಲೆಯ ಮೀನುಗಳನ್ನು ಕುರಿತ ಕಂತು ಹಾಗೂ ಎಸ್. ಮಹಮೂದ್ ಅವರೊಡಗೂಡಿ 1947ರಲ್ಲಿ ಪ್ರಕಟಿಸಿದ ನಿಜಾಮಾಬಾದ್ ಜಿಲ್ಲೆಯ ಕಂತು ಇವುಗಳಲ್ಲಿ ಸೇರಿವೆ. ಇವುಗಳ ಓದು ರಂಜನೀಯವಲ್ಲ. ಯಾವ ನೀರಿನಲ್ಲಿ ಯಾವ ಮೀನು ಸಿಕ್ಕಿತೆಂಬ ಪಟ್ಟಿಯೇ ಅವುಗಳ ಬಹುಭಾಗ. ಆದರೆ ಒಂದು ಕೆರೆಯಿಂದ ಮೀನೊಂದು ಕಣ್ಮರೆಯಾಯಿತೆಂದು ಹೇಳಬೇಕಾದರೆ ಅದು ಅಲ್ಲಿ ಒಮ್ಮೆ ಇತ್ತೆಂಬುದಕ್ಕೆ ದಾಖಲೆ ಬೇಕು. ಆ ದಾಖಲೆ ಇಂತಹ ಪಟ್ಟಿಗಳಲ್ಲದೆ ಬೇರೆಲ್ಲಿಯೂ ದೊರೆಯುವುದಿಲ್ಲ.

ಇದೇ ಕಾಲದಲ್ಲಿ ಮೈಸೂರು ಸಂಸ್ಥಾನದಲ್ಲಿಯೂ ಇಂತಹ ಕೆಲಸ ನಡೆಯುತ್ತಿತ್ತು. ಬಿ. ಎಸ್. ಭೀಮಾಚಾರ್ ಮತ್ತು ಎ. ಸುಬ್ಬರಾವ್ ಅವರು ಕಡೂರು ಜಿಲ್ಲೆಯ, ಎಂದರೆ ಇಂದಿನ ಚಿಕ್ಕಮಗಳೂರು ಪ್ರದೇಶದ, ಮೀನುಗಳ ವಿವರವನ್ನು 1941ರಲ್ಲಿ ಪ್ರಕಟಿಸಿದರು. ಬೆಟ್ಟದ ಹೊಳೆಗಳ ಮೀನುಗಳ ಹಂಚಿಕೆಯನ್ನು ಆಧರಿಸಿ ಪಶ್ಚಿಮಘಟ್ಟಗಳ ಪ್ರಾಣಿಭೌಗೋಳಿಕ ವಿಭಾಗಗಳನ್ನು ಗುರುತಿಸಿದ ಭೀಮಾಚಾರ್ ಅವರ ಲೇಖನ 1945ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂದಿತು. ಕಡೂರಿನ ಭದ್ರೆಯೂ ಹೈದರಾಬಾದಿನ ಮೂಸಿಯೂ ಕೊನೆಗೆ ಸೇರುವುದು ಕೃಷ್ಣೆಯನ್ನೇ.

ಮೂಸಿ ನದಿಯ ಕಥೆ

ವಿಕಾರಾಬಾದಿನ ಬಳಿಯ ಅನಂತಗಿರಿ ಬೆಟ್ಟಗಳಲ್ಲಿ ಹುಟ್ಟುವ ಮೂಸಿ, ಹೈದರಾಬಾದ್ ನಗರದ ನಡುವೆ ಹರಿದು, ನಲ್ಗೊಂಡ ಜಿಲ್ಲೆಯ ವಾಡಪಲ್ಲಿಯ ಬಳಿ ಕೃಷ್ಣೆಯನ್ನು ಕೂಡುತ್ತದೆ. 1908ರ ಸೆಪ್ಟೆಂಬರ್ 28ರಂದು ಈ ನದಿ ಉಕ್ಕಿ ಹರಿದು ನಗರದಲ್ಲಿ ಸಾವಿರಾರು ಜನರ ಪ್ರಾಣವನ್ನು ತೆಗೆದುಕೊಂಡಿತು. ಮರುವರ್ಷ ನಿಜಾಮರ ಸರ್ಕಾರದ ಕೋರಿಕೆಯ ಮೇರೆಗೆ ಬಂದ ಎಂ. ವಿಶ್ವೇಶ್ವರಯ್ಯನವರು, ನಗರದ ಮೇಲ್ಭಾಗದಲ್ಲಿ ಪ್ರವಾಹವನ್ನು ತಡೆಯುವ ಜಲಾಶಯಗಳನ್ನು ನಿರ್ಮಿಸಬೇಕೆಂದೂ ನಗರಕ್ಕೆ ಒಳಚರಂಡಿ ವ್ಯವಸ್ಥೆ ಬೇಕೆಂದೂ ಸಲಹೆ ಮಾಡಿದರು. ಅದರಂತೆ ಮೂಸಿಗೆ ಅಡ್ಡಲಾಗಿ ಉಸ್ಮಾನ್ ಸಾಗರ 1920ರಲ್ಲಿಯೂ, ಅದರ ಉಪನದಿ ಈಸಿಗೆ ಅಡ್ಡಲಾಗಿ ಹಿಮಾಯತ್ ಸಾಗರ 1927ರಲ್ಲಿಯೂ ಪೂರ್ಣಗೊಂಡವು. ನಗರಕ್ಕೆ ಪ್ರವಾಹದಿಂದ ರಕ್ಷಣೆಯೂ ಕುಡಿಯುವ ನೀರೂ ಏಕಕಾಲದಲ್ಲಿ ದೊರೆತವು.

ಇದರ ಇನ್ನೊಂದು ಪರಿಣಾಮ ನಿಧಾನವಾಗಿ ಕಾಣಿಸಿಕೊಂಡಿತು. ಮೇಲಿನ ನೀರು ಜಲಾಶಯದಲ್ಲಿ ನಿಂತ ಮೇಲೆ, ಕೆಳಗಿನ ಪಾತ್ರದಲ್ಲಿ ಬೇಸಗೆಯಲ್ಲಿ ಹರಿಯಲು ಉಳಿದದ್ದು ಬಹುಮಟ್ಟಿಗೆ ನಗರದ ಚರಂಡಿಗಳಿಂದ ಬಂದದ್ದು. ಊರು ಬೆಳೆದಂತೆ ಅದರ ಪ್ರಮಾಣ ಹೆಚ್ಚಿತು. ಅದನ್ನು ತೆಳುವಾಗಿಸುವ ಹೊಸ ನೀರು ಹೆಚ್ಚಲಿಲ್ಲ. ಅಣೆಕಟ್ಟು ಕಟ್ಟಿದ್ದು ತಪ್ಪೆಂದು ಇದರಿಂದ ಹೇಳಲಾಗದು. 1908ರ ಪ್ರವಾಹವನ್ನು ಕಂಡವರಾರೂ ಹಾಗೆ ಹೇಳುತ್ತಿರಲಿಲ್ಲ. ಆದರೆ ನದಿಯೊಂದಕ್ಕೆ ತನ್ನದೇ ಆದ ಹರಿವು ಬೇಕೆಂಬ ಲೆಕ್ಕ ಅಂದಿನ ಯೋಜನೆಗಳಲ್ಲಿ ಇರುತ್ತಿರಲಿಲ್ಲ.

ಮೂಸಿಯ ನೀರನ್ನು ಕ್ರಮಬದ್ಧವಾಗಿ ಪರೀಕ್ಷಿಸಿದ ಕೀರ್ತಿಯೂ ಉಸ್ಮಾನಿಯಾಕ್ಕೇ ಸಲ್ಲುತ್ತದೆ. ಅಲ್ಲಿನ ಸಸ್ಯಶಾಸ್ತ್ರಜ್ಞ ವಿ. ವೆಂಕಟೇಶ್ವರ್ಲು ಅವರು ಮಾಲಿನ್ಯದ ದೃಷ್ಟಿಯಿಂದ ಮೂಸಿಯ ಪಾಚಿಗಳನ್ನು ಅಧ್ಯಯನ ಮಾಡಿ, 'ಹೈಡ್ರೊಬಯಾಲಜಿಯ' ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ 1969ರಲ್ಲಿ ಲೇಖನಮಾಲೆಯಾಗಿ ಪ್ರಕಟಿಸಿದರು. ಇದೇ ನಗರದ ಕೊಳಗಳನ್ನು ಕುರಿತು ಎಂ. ಮುನವ್ವರ್ ಅವರು ನಡೆಸಿದ ಅಧ್ಯಯನ 1970ರಲ್ಲಿ ಅದೇ ಪತ್ರಿಕೆಯಲ್ಲಿ ಬಂದಿತು. ಅವರು ಮುಂದೆ ಕೆನಡಾ ದೇಶಕ್ಕೆ ತೆರಳಿ ಉತ್ತರ ಅಮೆರಿಕದ ಮಹಾಸರೋವರಗಳ ಪರಿಸರ ತಜ್ಞರಾಗಿ ಪ್ರಸಿದ್ಧರಾದರು.

ಕೊಳಚೆ ನೀರು ನದಿಗೆ ಸೇರಿದಾಗ ನಡೆಯುವುದೇನು? ಕೊಳಚೆಯಲ್ಲಿರುವ ಸಾವಯವ ವಸ್ತುವನ್ನು ಬ್ಯಾಕ್ಟೀರಿಯಗಳು ಕೊಳೆಯಿಸುತ್ತವೆ; ಈ ಕ್ರಿಯೆಗೆ ನೀರಿನಲ್ಲಿ ಕರಗಿರುವ ಆಮ್ಲಜನಕ ಖರ್ಚಾಗುತ್ತದೆ. ಆದುದರಿಂದ ಚರಂಡಿ ಕೂಡುವ ಸ್ಥಳದಿಂದ ಕೆಳಕ್ಕೆ ಆಮ್ಲಜನಕ ಇಳಿಯುತ್ತ ಹೋಗುತ್ತದೆ. ಮುಂದೆ ಬೇರೆ ಕೊಳಚೆ ಸೇರದಿದ್ದರೆ, ಗಾಳಿಯ ಸಂಪರ್ಕದಿಂದಲೂ ಕಲ್ಲುಗಳ ಮೇಲೆ ಹಾಯುವುದರಿಂದಲೂ ನೀರು ಅನೇಕ ಮೈಲಿಗಳ ನಂತರ ಚೇತರಿಸಿಕೊಳ್ಳುತ್ತದೆ. ಒಂದರ ಹಿಂದೆ ಒಂದು ಚರಂಡಿ ಸೇರುವಲ್ಲಿ ಈ ಚೇತರಿಕೆಗೆ ಅವಕಾಶವೇ ಇರುವುದಿಲ್ಲ. ಮೀನುಗಾರಿಕೆಗೆ ಮತ್ತು ವನ್ಯಜೀವಿಗಳಿಗೆ ತಕ್ಕ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕವಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ ಹೇಳುತ್ತದೆ.

ಇಲ್ಲಿ ಡಾ. ದಾಸ್ ಅವರ ಸಂಶೋಧನೆ ಹೊಸ ಅರ್ಥವನ್ನು ಪಡೆಯುತ್ತದೆ. ಬತ್ತುತ್ತಿರುವ ಕೆಸರುಗುಂಡಿಯಲ್ಲಿ ನಿಸರ್ಗ ಒಡ್ಡುತ್ತಿದ್ದ ಪರೀಕ್ಷೆಯನ್ನೇ ನಗರದ ಕೊಳಚೆ ಇಡೀ ನದಿಗೆ, ವರ್ಷದ ಬಹುಕಾಲ ಒಡ್ಡುತ್ತದೆ. ಹರಿಯುವ ಶುದ್ಧ ನೀರನ್ನು ಬಯಸುವ ಮೀನುಗಳು ಮೊದಲು ಹೋಗುತ್ತವೆ. ಕಾಟ್ಲ, ರೋಹು ಮುಂತಾದ ಗೆಂಡೆಗಳು ಕೆಲಕಾಲ ಹೆಣಗಾಡುತ್ತವೆ. ಕೊನೆಗೆ ಉಳಿಯುವವು ಗಾಳಿಯನ್ನು ನುಂಗಬಲ್ಲ ಕೊರವ, ಮುರಗೋಡು, ಚೇಳುಮೀನುಗಳು. ಹೀಗಾಗಿ ಒಂದು ನೀರಿನಲ್ಲಿ ವಾಯುಶ್ವಾಸಿ ಮೀನುಗಳಿರುವುದು ದೋಷವಲ್ಲ. ಅವು ಎಲ್ಲ ಕೆರೆಗಳಲ್ಲಿಯೂ ಇರತಕ್ಕವೇ. ಒಮ್ಮೆ ಹತ್ತಾರು ಜಾತಿಗಳಿದ್ದ ನೀರಿನಲ್ಲಿ ಅವು ಮಾತ್ರ ಉಳಿದಿದ್ದರೆ ಅದು ರೋಗದ ಲಕ್ಷಣ. ಮಾಲಿನ್ಯ ಇನ್ನೂ ಹೆಚ್ಚಿದಾಗ ಅವೂ ಉಳಿಯವು. ಬೆಳೆದ ಕೊರವ ತಾಳಿಕೊಂಡರೂ ಕಿವಿರನ್ನೇ ನಂಬಿದ ಅದರ ಮರಿ ತಾಳದು. ಮುದಿ ಮೀನುಗಳು ಇದ್ದಷ್ಟು ಕಾಲ ಸಂತತಿ ಇದೆಯೆಂಬ ಭ್ರಮೆಯಷ್ಟೆ ಉಳಿಯುತ್ತದೆ.

ಇದು ಹೈದರಾಬಾದಿಗೆ ಮಾತ್ರ ಸಂಬಂಧಿಸಿದ ಮಾತಲ್ಲ. ಭದ್ರಾವತಿಯ ಕೈಗಾರಿಕೆಗಳ ತ್ಯಾಜ್ಯದಿಂದ ಭದ್ರಾ ನದಿಯ ಮೀನುಗಾರಿಕೆಗೆ ಆಗುತ್ತಿದ್ದ ಹಾನಿಯನ್ನು ಎ. ಡೇವಿಡ್ ಅವರು 1956ರಲ್ಲಿಯೇ ಪ್ರಕಟಿಸಿದ್ದರು. ಅವರು 1963ರಲ್ಲಿ ಗೋದಾವರಿ ಮತ್ತು ಕೃಷ್ಣಾ ನದೀವ್ಯವಸ್ಥೆಗಳ ಮೀನುಗಳನ್ನು ಕುರಿತೂ ವಿಸ್ತಾರವಾದ ಲೇಖನವನ್ನು ಬರೆದರು. 2016ರ ಮಾರ್ಚ್ ತಿಂಗಳಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದಾಗ ಕೊಳಚೆ ಮತ್ತು ಆಮ್ಲಜನಕದ ಕೊರತೆಯ ಮಾತೇ ಮುಂದೆ ಬಂದಿತು.

ತಿನ್ನುವವರು ತಿಳಿಯಬೇಕಾದುದು

ಕೊರವ ಹೈದರಾಬಾದಿನ ಜನರಿಗೆ ಅಚ್ಚುಮೆಚ್ಚಿನ ಮೀನು. ತೆಲುಗಿನಲ್ಲಿ ಕೊರ್ರಮೀನು ಎಂದು ಕರೆಯುವ ಇದು ತೆಲಂಗಾಣದ ರಾಜ್ಯ ಮೀನು. ಗಾಳಿಯಲ್ಲಿ ಉಸಿರಾಡಬಲ್ಲುದಾದ್ದರಿಂದ ಸ್ವಲ್ಪವೇ ನೀರಿನ ಬುಟ್ಟಿಯಲ್ಲಿ ಜೀವಂತವಾಗಿಯೇ ಮಾರುಕಟ್ಟೆಗೆ ಬರುತ್ತದೆ. ಆದ್ದರಿಂದಲೇ ಬೆಲೆಯೂ ಹೆಚ್ಚು. ಪ್ರತಿವರ್ಷ ಜೂನ್ ತಿಂಗಳಲ್ಲಿ, ಮೃಗಶಿರಾ ಮಳೆ ಹೂಡುವ ದಿನ, ನಗರದ ಒಂದು ಕುಟುಂಬದವರು ಉಬ್ಬಸದ ರೋಗಿಗಳಿಗೆ ಜೀವಂತ ಕೊರವದ ಮರಿಯನ್ನು ಔಷಧದೊಡನೆ ನುಂಗಿಸುವ ಪದ್ಧತಿ ಬಹುಕಾಲದಿಂದ ಪ್ರಸಿದ್ಧವಾಗಿದೆ. ಇದರಿಂದ ರೋಗ ಗುಣವಾಗುತ್ತದೆಂಬುದಕ್ಕೆ ವೈಜ್ಞಾನಿಕ ಆಧಾರ ದೊರೆತಿಲ್ಲ. ಉಸಿರಾಟದ ತೊಂದರೆಯಿರುವವರಿಗೆ ಎರಡು ಬಗೆಯಲ್ಲಿ ಉಸಿರಾಡುವ ಮೀನನ್ನೇ ಆರಿಸಿದ್ದು ಮಾತ್ರ ಕುತೂಹಲಕರ.

ಜೀವಂತವಾಗಿದೆ ಎಂದ ಮಾತ್ರಕ್ಕೆ ಮೀನು ಒಳ್ಳೆಯ ನೀರಿನದೆಂದು ತಿಳಿಯಬಾರದು. ಕಿವಿರಿನ ಮೀನು ಕೆಟ್ಟ ನೀರಿನಲ್ಲಿ ಸತ್ತು ಎಚ್ಚರಿಸುತ್ತದೆ. ವಾಯುಶ್ವಾಸಿ ಮೀನು ಬದುಕಿದ್ದು, ಆ ನೀರಿನಲ್ಲಿರುವ ಸೀಸ, ಪಾದರಸ ಮೊದಲಾದ ಲೋಹಗಳನ್ನು ತನ್ನ ದೇಹದಲ್ಲಿ ಸಂಗ್ರಹಿಸಿಕೊಳ್ಳಬಲ್ಲುದು. ಮೂಸಿಯ ಕೆಳಭಾಗದಲ್ಲಿ ಇದೇ ನೀರಿನಿಂದ ಮೇವಿನ ಹುಲ್ಲನ್ನು ಬೆಳೆಯುವುದೂ ಉಂಟು. ಹಲವೆಡೆ ಕಸಾಯಿಖಾನೆಯ ತ್ಯಾಜ್ಯವನ್ನು ಹಾಕಿ ಕೊಳಕು ಹೊಂಡಗಳಲ್ಲಿ ಸಾಕುವ ಆಫ್ರಿಕದ ಕ್ಲಾರಿಯಸ್ ಮೀನೂ ಗಾಳಿಯನ್ನು ಸೇವಿಸುವಂಥದೇ. ನಮ್ಮ ಮುರಗೋಡನ್ನು ಹೋಲುವ ಈ ಪರದೇಶಿ ಮೀನು ಹೊಂಡದಿಂದ ತಪ್ಪಿಸಿಕೊಂಡು ಕೆರೆನದಿಗಳ ಸ್ಥಳೀಯ ಮೀನುಗಳನ್ನು ತಿಂದುಹಾಕುತ್ತದೆ. ಇದರ ಸಾಕಣೆಯನ್ನು ಕೇಂದ್ರ ಸರ್ಕಾರ 2000ದಲ್ಲಿ ನಿಷೇಧಿಸಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು.

ಊರ ಕೆರೆಯ ಸ್ಥಿತಿಯನ್ನು ಅರಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಜಲಸಸ್ಯಗಳೂ ಪಾಚಿಗಳೂ ಹಗಲಿನಲ್ಲಿ ಆಮ್ಲಜನಕವನ್ನು ಬಿಡುಗಡೆ ಮಾಡಿದರೂ ರಾತ್ರಿ ಅವೂ ಅದನ್ನು ಬಳಸುವುದರಿಂದ, ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಅತ್ಯಂತ ಕಡಿಮೆಯಿರುತ್ತದೆ. ಆ ಹೊತ್ತಿನಲ್ಲಿ ದಂಡೆಗೆ ಹೋಗಿ ನೋಡಬೇಕು. ಕೊರವ ಒಂಟಿಯಾಗಿ ಮೇಲೆ ಬಂದು, ಕ್ಷಣದಲ್ಲಿ ಗಾಳಿ ನುಂಗಿ ಕೆಳಕ್ಕೆ ಹೋಗುವುದು ಸಹಜ. ಗೆಂಡೆಗಳು ಗುಂಪುಗುಂಪಾಗಿ ಮೇಲೆಯೇ ನಿಂತು ಬಾಯಿ ಬಿಡುತ್ತಿದ್ದರೆ ಅವು ಗಾಳಿಯನ್ನು ಸೇವಿಸುತ್ತಿಲ್ಲ; ನೀರಿನ ಮೇಲ್ಪದರದಲ್ಲಿ ಉಳಿದಿರುವ ಅಲ್ಪ ಆಮ್ಲಜನಕಕ್ಕಾಗಿ ಹೆಣಗುತ್ತಿವೆ. ಅಂತಹ ದಿನಗಳಲ್ಲಿ ಕೆರೆಗೆ ಗೊಬ್ಬರ, ಮೇವು ಹಾಕುವುದನ್ನು ನಿಲ್ಲಿಸಿ, ಸಾಧ್ಯವಾದರೆ ಹೊಸ ನೀರನ್ನು ಹಾಯಿಸಿ, ಮೀನುಗಾರಿಕಾ ಇಲಾಖೆಯವರಿಗೂ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯವರಿಗೂ ತಿಳಿಸತಕ್ಕದ್ದು. ಮೊದಲ ಮಳೆಯ ನಂತರದ ಎರಡು ಮೂರು ದಿನ ವಿಶೇಷ ಗಮನ ಅಗತ್ಯ. ಬೀದಿ ಚರಂಡಿಗಳ ಕೊಳೆಯೆಲ್ಲ ಒಮ್ಮೆಗೇ ಕೆರೆಗೆ ಬರುವುದು ಆಗಲೇ.

ಬಲೆಯಲ್ಲಿ ಸಿಕ್ಕ ಮೀನುಗಳ ಹೆಸರನ್ನು ದಿನಾಂಕ, ಸ್ಥಳದೊಡನೆ ಶಾಲೆಯ ಅಥವಾ ಮೀನುಗಾರರ ಸಹಕಾರ ಸಂಘದ ಪುಸ್ತಕದಲ್ಲಿ ಬರೆದಿಡುವುದು ಕಷ್ಟದ ಕೆಲಸವೇನಲ್ಲ. ಸ್ಥಳೀಯ ಹೆಸರುಗಳೇ ಸಾಕು. ಗುರುತಿಸಲಾಗದ ಮೀನಿದ್ದರೆ ಹೈದರಾಬಾದಿನಲ್ಲಿರುವ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಸಿಹಿನೀರು ಜೀವವಿಜ್ಞಾನ ಕೇಂದ್ರ ಅಥವಾ ಸಮೀಪದ ಮೀನುಗಾರಿಕಾ ಕಾಲೇಜಿನ ತಜ್ಞರ ನೆರವನ್ನು ಕೋರಬಹುದು. ರಹೀಮುಲ್ಲಾ ಅವರ ಪಟ್ಟಿಗಳೂ ಬಲೆ ಬೀಸುವವರು ಹಿಡಿದು ತಂದ ಮೀನುಗಳನ್ನು ನೋಡಿ, ಒಂದೊಂದಾಗಿ ಹೆಸರಿಸಿ ಬರೆದಿಟ್ಟವೇ.